ತಿಪ್ಪಸಂದ್ರದ ಮೊದಲ ಬಸ್ಸು

ಹೊಸದಾಗಿ ಕಂಡಕ್ಟರ್ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳು ಸಿಕ್ಕಾಗಲೆಲ್ಲ ಒಂದೇ ಮಾತು ಕೇಳುತ್ತಾರೆ: "ದಿನವೆಲ್ಲ ನಿಂತು ನಿಂತು ಕಾಲು ಸೋಲಲ್ವಾ ಅಕ್ಕ?" ಸೋಲುತ್ತವೆ. ಮೊದಮೊದಲು ಮನೆಗೆ ಬಂದು ಚಾಪೆಯ ಮೇಲೆ ಮಲಗಿದರೂ ನೆಲ ಅಲ್ಲಾಡಿದ ಹಾಗೆ ಅನ್ನಿಸುತ್ತದೆ. ಆಮೇಲೆ ಕಾಲುಗಳು ತಾವಾಗಿಯೇ ಬಸ್ಸಿನ ಕುಲುಕಾಟಕ್ಕೆ ಹೊಂದಿಕೊಳ್ಳುತ್ತವೆ. ನನಗೆ ಕಷ್ಟವಾದದ್ದು ಕಾಲಿನ ವಿಷಯವಲ್ಲ, ನೀರಿನ ವಿಷಯ. ಎಷ್ಟು ಹೊತ್ತಿಗೆ ನೀರು ಕುಡಿಯಬೇಕು, ಯಾವ ಸ್ಟ್ಯಾಂಡಿನ ಶೌಚಾಲಯಕ್ಕೆ ಬಾಗಿಲಿದೆ, ಯಾವ ಊರಿನಲ್ಲಿ ಯಾರ ಮನೆಯ ಹಿತ್ತಲಿಗೆ ಸಂಕೋಚವಿಲ್ಲದೆ ಹೋಗಬಹುದು, ಇದನ್ನು ತರಬೇತಿಯಲ್ಲಿ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟವರು ದಾರಿಯ ಹೆಂಗಸರು. ಕೆಲಸಕ್ಕೆ ಸೇರುವವರಿಗೆ ನಾನು ಹೇಳುವ ಮೊದಲ ಮಾತು ಇದೇ. ನಿಮ್ಮ ರೂಟಿನಲ್ಲಿ ದಾರಿಯುದ್ದಕ್ಕೂ ನಾಲ್ಕೈದು ಮನೆ ಪರಿಚಯ ಮಾಡಿಕೊಳ್ಳಿ.

ನಾನು ಹುಟ್ಟಿದ್ದು ಕುದೂರಿನಲ್ಲಿ, ಮದುವೆಯಾಗಿ ಬಂದದ್ದು ತಿಪ್ಪಸಂದ್ರಕ್ಕೆ. ಎರಡೂ ಮಾಗಡಿ ತಾಲ್ಲೂಕಿನ ಊರುಗಳೇ. ಕೆಲಸದ ಆದೇಶ ಬಂದಾಗ ಮಾವನವರು ಮೂರು ದಿನ ಮಾತು ಬಿಟ್ಟರು. ಅತ್ತೆ ಮಾತ್ರ, "ಗಂಡಸ್ರು ಸೀಟಿ ಊದಿದ್ರೆ ಬಸ್ ನಿಲ್ತದೆ, ಹೆಂಗಸ್ರು ಊದಿದ್ರೆ ನಿಲ್ಲಲ್ವಾ? ನೀನು ಹೋಗವ್ವ," ಅಂದರು. ಖಾಕಿ ಬಟ್ಟೆಗೆ ಮೊದಲ ದಿನ ಇಸ್ತ್ರಿ ಹಾಕಿಸಿಕೊಂಡು ಬಂದವರೂ ಅವರೇ.

ಮೊದಲು ಹಾಕಿದ್ದು ಕನಕಪುರದಿಂದ ರಾಮನಗರಕ್ಕೆ ಹೋಗುವ ಬಸ್ಸಿಗೆ. ಡ್ರೈವರ್ ಅನ್ವರಣ್ಣ. ರಾಮನಗರದವರು. ಅವರ ಅಣ್ಣತಮ್ಮಂದಿರೆಲ್ಲ ರೇಷ್ಮೆ ನೂಲು ತೆಗೆಯುವ ಕೆಲಸದವರು. ಇವರೊಬ್ಬರಿಗೆ ಗೂಡು ಬೇಯಿಸುವ ವಾಸನೆ ಆಗುತ್ತಿರಲಿಲ್ಲವಂತೆ, ಅದಕ್ಕೇ ಸ್ಟೀರಿಂಗ್ ಹಿಡಿದರು. ಮಾತು ಕಡಿಮೆ, ಗದರಿದ್ದು ಇಲ್ಲವೇ ಇಲ್ಲ. ನನ್ನನ್ನು ಮೊದಲ ದಿನದಿಂದ ಕೊನೆಯವರೆಗೂ 'ತಾಯಿ' ಎಂದೇ ಕರೆದರು.

ಆಗ ಆ ಬಸ್ಸಿನಲ್ಲಿ ಜನರಿಗಿಂತ ಗೂಡಿನ ಚೀಲಗಳೇ ಹೆಚ್ಚು. ರೇಷ್ಮೆ ಬೆಳೆದವರು ಮುಂಜಾನೆಯೇ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಡುತ್ತಿದ್ದರು. ಒಂದು ಬೇಸಿಗೆಯ ದಿನ ನಡುದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ನಂಜುಂಡ ಎನ್ನುವ ಒಬ್ಬ ರೈತ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ಚೀಲದೊಳಗೆ ಬಿಸಿಗೆ ಗೂಡು ಬೆವರಿದರೆ ಕಲೆಯಾಗುತ್ತದೆ, ಆಮೇಲೆ ಕೊಳ್ಳುವವರಿಲ್ಲ. ಅನ್ವರಣ್ಣ ಬಾನೆಟ್ ಮುಚ್ಚದೆಯೇ ಒಳಗೆ ಬಂದು, "ಚೀಲ ಬಿಚ್ಚಿ ಸೀಟಿನ ಮೇಲೆ ಹರಡಿ, ಕಿಟಕಿ ಎಲ್ಲಾ ತೆಗೀರಿ," ಅಂದರು. ಜನ ಎದ್ದು ನಿಂತರು. ಟವೆಲ್ಲು, ಸೆರಗು, ಒಬ್ಬ ಅಜ್ಜಿಯ ಹೊಸ ಕಂಬಳಿ, ಎಲ್ಲದರ ಮೇಲೂ ಬೆಳ್ಳಗೆ ಹಳದಿಯಾಗಿ ಗೂಡು. ಗಂಡಸರೆಲ್ಲ ಇಳಿದು ತಳ್ಳಿದರು. ಬಸ್ಸು ಸ್ಟಾರ್ಟ್ ಆದ ಮೇಲೂ ಯಾರೂ ಕೂರಲಿಲ್ಲ. ಗೂಡು ಕೂತಿತ್ತು, ಜನ ನಿಂತಿದ್ದರು. ಹರಾಜು ಮುಗಿಯುವ ಹೊತ್ತಾಗಿದ್ದರಿಂದ ಅನ್ವರಣ್ಣ ಸ್ಟ್ಯಾಂಡಿಗೆ ಹೋಗುವ ಬದಲು ಬಸ್ಸನ್ನು ನೇರ ಮಾರುಕಟ್ಟೆಯ ಬಾಗಿಲಿಗೇ ತಿರುಗಿಸಿದರು. ನಂಜುಂಡನ ಗೂಡು ಮಾರಾಟವಾಯಿತು. ನಮಗಿಬ್ಬರಿಗೂ ರೂಟು ತಪ್ಪಿಸಿದ್ದಕ್ಕೆ ಮೆಮೊ ಬಂತು. ಬಹಳ ದಿನ ನನ್ನ ಟಿಕೆಟ್ ಚೀಲದ ಮೂಲೆಯಲ್ಲಿ ಒಂದೆರಡು ಗೂಡು ಉಳಿದೇ ಇದ್ದವು.

ಕೆಲವು ವರ್ಷದ ಮೇಲೆ ನನ್ನನ್ನೂ ಅನ್ವರಣ್ಣನನ್ನೂ ತಿಪ್ಪಸಂದ್ರದಿಂದ ಮಾಗಡಿ, ರಾಮನಗರದ ಮೇಲೆ ಚನ್ನಪಟ್ಟಣಕ್ಕೆ ಹೋಗುವ ಮೊದಲ ಬಸ್ಸಿಗೆ ಹಾಕಿದರು. ಬಸ್ಸು ರಾತ್ರಿ ನಮ್ಮೂರಿನಲ್ಲೇ ತಂಗುತ್ತಿತ್ತು. ನನಗೆ ಮನೆಯಿಂದ ಎದ್ದು ನಾಲ್ಕು ಹೆಜ್ಜೆ. ಅನ್ವರಣ್ಣ ನಮ್ಮ ಜಗಲಿಯಲ್ಲಿ ಮಲಗುತ್ತಿದ್ದರು. ಮಾತು ಬಿಟ್ಟಿದ್ದ ಮಾವನವರೇ ಅವರಿಗೆ ಕಾಫಿ ಕೊಟ್ಟು ಎಬ್ಬಿಸುವ ಕೆಲಸ ವಹಿಸಿಕೊಂಡರು.

ಈ ರೂಟಿನಲ್ಲಿ ನಾನು ಕಂಡಷ್ಟು ಬದಲಾವಣೆಯನ್ನು ನಮ್ಮ ಅತ್ತೆಯ ಕಾಲದವರು ಇಡೀ ಜನ್ಮದಲ್ಲಿ ಕಂಡಿರಲಾರರು. ಮೊದಲು ಬಣ್ಣಬಣ್ಣದ ಕಾಗದದ ಟಿಕೆಟ್ಟು, ಅದಕ್ಕೆ ಟಕಟಕ ತೂತು ಹಾಕುವ ಪಂಚು. ಆಮೇಲೆ ಮಶೀನು ಬಂತು, ಒತ್ತಿದರೆ ಚೀಟಿ. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲಂತೂ ಬಸ್ಸಿನ ಮುಖವೇ ಬೇರೆಯಾಯಿತು. ಮಾಗಡಿ ದಾಟದ ಹೆಂಗಸರು ಚನ್ನಪಟ್ಟಣದಲ್ಲಿದ್ದ ಅಕ್ಕನನ್ನು ನೋಡಿಕೊಂಡು ಬಂದರು. "ಏನವ್ವ ನಾಗರತ್ನ, ನಮ್ಮಕ್ಕನ ಕೂದ್ಲೆಲ್ಲ ಬೆಳ್ಳಗಾಗ್‌ಬುಟ್ಟೈತೆ, ನಂಗೆ ಗೊತ್ತೇ ಇರ್ನಿಲ್ಲ," ಎಂದು ಒಬ್ಬಾಕೆ ಬಾಗಿಲಲ್ಲೇ ನಿಂತು ಅತ್ತಳು. ಸೀಟಿಗಾಗಿ ಜಗಳವೂ ಹೆಚ್ಚಿತು, ಅದನ್ನು ಮುಚ್ಚಿಡುವುದಿಲ್ಲ. ಚನ್ನಪಟ್ಟಣದಲ್ಲಿ ಹೊಸ ಹೆದ್ದಾರಿ ಊರ ಹೊರಗೆ ಹೋಯಿತು. ಹಳೇ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ಕಾರುಗಳು ನಿಲ್ಲುವುದು ಕಡಿಮೆಯಾಯಿತು. ನಮ್ಮ ಬಸ್ಸು ಮಾತ್ರ ಅಲ್ಲೇ ಹೋಗುತ್ತಿತ್ತು, ಅಂಗಡಿಯವರು ಕೈ ಎತ್ತಿ ಮಾತಾಡಿಸುತ್ತಿದ್ದರು.

ಇನ್ನು ದಾರಿಯ ಎರಡೂ ಬದಿ. ರಾಗಿ, ಹುರುಳಿ, ಮಾವಿನ ತೋಪು ಇದ್ದ ಕಡೆ ಮೊದಲು ಸೈಟಿನ ಗುರುತಿಗೆ ಸುಣ್ಣ ಬಳಿದ ಕಲ್ಲು ಬರುತ್ತಿದ್ದವು. ಹಿಂದೆಯೇ ಕಮಾನು. ಕಮಾನಿನ ಮೇಲೆ ಇಂಗ್ಲಿಷಿನ ಹೆಸರು. ವರ್ಷಗಟ್ಟಲೆ ಒಳಗೆ ಒಂದು ಮನೆಯೂ ಇರುತ್ತಿರಲಿಲ್ಲ. ಆಮೇಲೊಂದು ಬೆಳಿಗ್ಗೆ ನೋಡಿದರೆ ಯಾವುದೋ ಮನೆಯ ಮುಂದೆ ರಂಗೋಲಿ. ಜನ ಬಂದರು ಎಂದು ಗೊತ್ತಾಗುತ್ತಿದ್ದುದು ರಂಗೋಲಿಯಿಂದಲೇ.

ಅಂಥ ಒಂದು ಲೇಔಟಿನ ಕಥೆ ಹೇಳಬೇಕು. ರಾಮನಗರ ಇನ್ನೂ ಸ್ವಲ್ಪ ದೂರ ಇರುವಾಗ ಎಡಗಡೆಗೆ ಸಿಗುತ್ತದೆ. ಆ ಜಮೀನು ಸಾಕಮ್ಮನವರದು. ಸಾಕಮ್ಮ ಪಕ್ಕದ ಹಳ್ಳಿಯ ಒಕ್ಕಲು ಮನೆಯಾಕೆ, ಹಣೆಗೆ ಅಗಲ ವಿಭೂತಿ, ಗಟ್ಟಿ ಗಂಟಲು. ಗಂಡ, ಮೈದುನ ಎಲ್ಲ ಒಪ್ಪಿ ಹೊಲವನ್ನು ಲೇಔಟಿಗೆ ಕೊಟ್ಟಿದ್ದರು. "ಬೇಜಾರಾಗಲ್ವಾ?" ಎಂದು ನಾನೊಮ್ಮೆ ಕೇಳಿದರೆ, "ಆಯ್ತದೆ. ಕಳೆ ಕಿತ್ತು ಕಿತ್ತು ಬೆನ್ನು ಬಗ್ಗಿದ್ದು ಗೆಪ್ತಿಗೆ ಬಂದ್ರೆ ಒಸಿ ಕಮ್ಮಿ ಆಯ್ತದೆ," ಎಂದು ನಕ್ಕಿದ್ದರು. ಸುಮ್ಮನೆ ಕೂರುವ ಜೀವವಲ್ಲ. ಲೇಔಟಿನ ಗೋಡೆ ಮುಗಿಯುವ ಕಡೆ, ರಸ್ತೆಗೆ ಅಂಟಿಕೊಂಡು ತಗಡಿನ ಒಂದು ಹೋಟ್ಲು ಹಾಕಿದರು. ಮನೆಯಲ್ಲೇ ಇಡ್ಲಿ ಬೇಯಿಸಿಕೊಂಡು, ಪಾತ್ರೆಗಳನ್ನು ನಮ್ಮ ಬಸ್ಸಿಗೇ ಏರಿಸಿಕೊಂಡು ಬಂದು, ಅಲ್ಲಿ ಇಳಿಯುತ್ತಿದ್ದರು. ಗಾರೆ ಕೆಲಸದವರು, ಕಾರ್ಖಾನೆಗೆ ಹೋಗುವ ಹುಡುಗಿಯರು, ಎಲ್ಲರಿಗೂ ಅದೇ ತಿಂಡಿ. ಅಲ್ಲಿ ಬಸ್ಸು ನಿಲ್ಲಿಸಬೇಕೆಂದು ಯಾವ ಕಾಗದದಲ್ಲೂ ಇರಲಿಲ್ಲ. ಅನ್ವರಣ್ಣ ನಿಲ್ಲಿಸುತ್ತಿದ್ದರು, ನಾನು ಸೀಟಿ ಊದುತ್ತಿದ್ದೆ.

ಲೇಔಟಿನಲ್ಲಿ ಮೊದಲು ಮನೆ ಮಾಡಿದವರಲ್ಲಿ ವಸುಧಾ ಒಬ್ಬರು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲಿ ಮನೆ ಕೊಳ್ಳುವುದು ಆಗದ ಮಾತೆಂದು ಇಲ್ಲಿಗೆ ಬಂದಿದ್ದರು. ನಮ್ಮ ಬಸ್ಸಿನಲ್ಲಿ ರಾಮನಗರದ ಸ್ಟೇಷನ್ನಿಗೆ ಹೋಗಿ ರೈಲು ಹಿಡಿಯಬೇಕು. ಸಾಕಮ್ಮ ಇಳಿಯುವ ಜಾಗದಲ್ಲೇ ಅವರು ಹತ್ತಬೇಕು. ಪಾತ್ರೆ ಇಳಿಸುವುದು ಮುಗಿಯುವವರೆಗೂ ಅವರು ಕೆಳಗೆ ನಿಂತು ಗಡಿಯಾರ ನೋಡುತ್ತಿದ್ದರು. ಒಂದು ದಿನ ತಾಳ್ಮೆ ತಪ್ಪಿತು.

"ಇದು ಬಸ್ಸಾ, ಹೋಟೆಲ್ ಸಾಮಾನಿನ ಗಾಡಿಯಾ ಮೇಡಂ? ಒಬ್ಬರ ಇಡ್ಲಿ ಪಾತ್ರೆಗೋಸ್ಕರ ನಮ್ಮ ರೈಲು ಹೋಗ್ಬೇಕಾ?"

ಸಾಕಮ್ಮ ಸಾಂಬಾರಿನ ಕೊಳಗ ಕೆಳಗಿಟ್ಟು ಸೆರಗು ಸಿಕ್ಕಿಸಿದರು. "ಏನವ್ವ, ನೆನ್ನೆ ಬಂದೋಳು ನೀನು. ನೀನು ನಿಂತಿರೋ ತಾವ ನಾನು ಮದ್ವೆಯಾಗಿ ಬಂದಾಗಿಂದ ರಾಗಿ ಕುಯ್ದಿವ್ನಿ. ಒಸಿ ತಡ್ಕೊಂಡ್ರೆ ಏನಾದದು?"

ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತುವುದು, ಬಾಗಿಲಲ್ಲಿ ಭುಜಕ್ಕೆ ಭುಜ ತಾಕುವುದು, ಮುಖ ಮಾತ್ರ ಆ ಕಡೆಗೊಂದು ಈ ಕಡೆಗೊಂದು. ಬಸ್ಸಿನಲ್ಲೂ ಹಾಗೇ ಆಯಿತು. ಹಳ್ಳಿಯವರು ಹಿಂದೆ, ಲೇಔಟಿನವರು ಮುಂದೆ. ನಡುವೆ ನಾನು ಟಿಕೆಟ್ ಕೊಡುತ್ತಾ ಎರಡೂ ಕಡೆಯ ಗೊಣಗಾಟ ಕೇಳಿಸಿಕೊಳ್ಳುತ್ತಿದ್ದೆ. ಲೇಔಟಿನವರಿಗೆ ಹಳ್ಳಿಯವರ ಗಲಾಟೆ ಆಗದು, ಹಳ್ಳಿಯವರಿಗೆ ಇವರ ಬಿಗುಮಾನ ಆಗದು.

ಹೀಗಿರುವಾಗ ಒಂದು ಮಾಗಿಯ ಬೆಳಿಗ್ಗೆ. ಮಂಜು ದಟ್ಟವಾಗಿ ಇಳಿದಿತ್ತು. ಬೆಳಕು ಹರಿದಿದ್ದರೂ ಹತ್ತು ಮಾರು ಮುಂದಕ್ಕೆ ಕಾಣದು. ಸಾಕಮ್ಮ ಇಳಿಯಲು ಬಾಗಿಲ ಬಳಿ ಬಂದು ನಿಂತಿದ್ದರು. ಅನ್ವರಣ್ಣ ವೇಗ ಕಡಿಮೆ ಮಾಡುತ್ತಾ ಬಂದವರು ಇದ್ದಕ್ಕಿದ್ದಂತೆ ಲೈಟು ಆರಿಸಿದರು. ನನ್ನ ಕಡೆ ತಿರುಗಿ ಬಾಯಿಯ ಮೇಲೆ ಬೆರಳಿಟ್ಟು, ಮುಂದೆ ನೋಡು ಎಂದು ಸನ್ನೆ ಮಾಡಿದರು.

ಲೇಔಟಿನ ಗೋಡೆಯ ಪಕ್ಕದಲ್ಲಿ ಗೋಡೆಗಿಂತ ಎತ್ತರವಾದದ್ದೇನೋ ಅಲ್ಲಾಡುತ್ತಿತ್ತು. ಆನೆ. ಹಿಂದೆ ಇನ್ನೊಂದು. ಎರಡರ ಕಾಲ ನಡುವೆ ಮರಿ. ನಮ್ಮ ಕಡೆ ಕಾಡಾನೆ ಹೊಲಕ್ಕೆ ಬರುವುದು ಹೊಸದಲ್ಲ, ಆದರೆ ಇಷ್ಟು ಹತ್ತಿರ ನಾನು ಕಂಡದ್ದಿಲ್ಲ. ಮಾವಿನ ತೋಪಿನಿಂದ ಕೆರೆಯ ಕಡೆ ಹೋಗುವ ಜಾಗಕ್ಕೆ ಗೋಡೆ ಅಡ್ಡ ಬಂದಿತ್ತು. ದೊಡ್ಡದು ಸೊಂಡಿಲಿನಿಂದ ಗೋಡೆ ತಡವುತ್ತಾ, ಅದು ಎಲ್ಲಿ ಮುಗಿಯುತ್ತದೆ ಎಂದು ಹುಡುಕಿಕೊಂಡು ನಮ್ಮ ಕಡೆಗೇ ಬರುತ್ತಿತ್ತು. ಗೋಡೆ ಮುಗಿಯುವುದು ಸಾಕಮ್ಮನ ಹೋಟ್ಲಿನ ಹತ್ತಿರ. ಅಲ್ಲಿ ತಗಡಿನ ಕೆಳಗೆ ವಸುಧಾ ಒಬ್ಬರೇ ನಿಂತಿದ್ದರು. ಕಿವಿಗೆ ವೈರು, ಕಣ್ಣು ಮೊಬೈಲಿನಲ್ಲಿ. ಬೆನ್ನು ಆನೆಗಳ ಕಡೆಗೆ.

ಕೂಗಿದರೆ ಆನೆ ಬೆದರುತ್ತದೆ. ಕೂಗದಿದ್ದರೆ ಆಕೆಗೆ ಗೊತ್ತಾಗದು. "ಬಾಗ್ಲು ತೆಗಿ, ನಾನ್ ಇಳ್ದು ಎಳ್ಕೊಂಡ್ ಬತ್ತೀನಿ," ಎಂದು ಸಾಕಮ್ಮ ಪಿಸುಗುಟ್ಟಿದರು. ನಾನು ಅವರ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟರಲ್ಲಿ ಅನ್ವರಣ್ಣ ಬಸ್ಸನ್ನು ಸದ್ದಾಗದ ಹಾಗೆ ಮುಂದಕ್ಕೆ ಬಿಟ್ಟು, ಹೋಟ್ಲು ದಾಟಿಸಿ, ಮೂತಿಯನ್ನು ಎಡಕ್ಕೆ ತಿರುಗಿಸಿ ಗೋಡೆಗೆ ಅಡ್ಡವಾಗಿ ನಿಲ್ಲಿಸಿಬಿಟ್ಟರು. ನಮ್ಮ ಬಾಗಿಲು ವಸುಧಾ ಇದ್ದ ಕಡೆಗೆ. ಬಸ್ಸಿನ ಆಚೆ ಮಗ್ಗುಲು, ಅಂದರೆ ಡ್ರೈವರ್ ಕೂರುವ ಮಗ್ಗುಲು, ಆನೆಗಳ ಕಡೆಗೆ.

ಬಸ್ಸು ಮೈಮೇಲೆ ಬಂತೆಂದು ವಸುಧಾ ಸಿಟ್ಟಿನಿಂದ ತಲೆ ಎತ್ತಿ ಬಾಯಿ ತೆರೆದರು. ನಾನು ಬಾಗಿಲು ತೆರೆದಿದ್ದೆ. ಸಾಕಮ್ಮ ಮೆಟ್ಟಿಲ ಮೇಲೆ ಕೂತು ಎರಡೂ ಕೈ ಚಾಚಿದರು.

"ಉಸಿರೆತ್ತಬ್ಯಾಡ ಕಣವ್ವ. ನನ್ನ ಮಖ ನೋಡ್ಕೊಂಡು ಹತ್ತು. ಬಾ ನನ್ನವ್ವ, ಬಾ."

ಆ ದನಿಯಲ್ಲಿ ಏನಿತ್ತೋ, ವಸುಧಾ ಏನೂ ಕೇಳದೆ ಕೈ ಕೊಟ್ಟರು. ಒಳಗೆ ಬಂದ ಮೇಲೆ ಆಚೆ ಕಿಟಕಿಯ ತುಂಬ ಬೂದು ಬಣ್ಣದ ಗೋಡೆಯಂಥ ಮೈ ಕಂಡು, ಸಾಕಮ್ಮನ ಕಾಲ ಹತ್ತಿರ ಕುಸಿದು ಕೂತರು. ಮರಿಯ ತಾಯಿ ಅನ್ವರಣ್ಣನ ಕಿಟಕಿಗೆ ಸೊಂಡಿಲು ತಂದು ಮೂಸಿತು. ಅವರು ಸ್ಟೀರಿಂಗಿನ ಮೇಲೆ ಕೈಯಿಟ್ಟು, ಮುಂದೆಯೇ ನೋಡುತ್ತಾ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾ ಕೂತಿದ್ದರು. ಹಿಂದಿನ ಸೀಟಿನಲ್ಲಿ ಯಾರೋ 'ಮಾದಪ್ಪಾ' ಅನ್ನುತ್ತಿದ್ದರು. ಎಷ್ಟು ಹೊತ್ತಾಯಿತೋ ಹೇಳಲಾರೆ. ದೊಡ್ಡ ಆನೆ ಗೋಡೆ ಬಿಟ್ಟು ರಸ್ತೆಯ ಕಡೆ ತಿರುಗಿತು. ಮೂರೂ ರಸ್ತೆಗೆ ಹತ್ತಿ, ಬಸ್ಸಿನ ಹಿಂದಿನಿಂದ ಹೋಟ್ಲಿನ ಪಕ್ಕ ಸುತ್ತಿ, ರಸ್ತೆಯ ಆಚೆ ಬದಿಯ ಮಂಜಿನೊಳಗೆ ಹೋದವು. ಹೋಗುತ್ತಾ ಒಂದು ಆನೆ ಹೋಟ್ಲಿನ ತಗಡೊಂದನ್ನು ಕಿತ್ತು ಬಿಸಾಕಿತು.

ಮೊದಲು ಮಾತಾಡಿದ್ದು ಅನ್ವರಣ್ಣ. "ಅದರ ಉಸಿರು ಕುತ್ತಿಗೆಗೆ ತಾಕ್ತು ತಾಯಿ. ಬಿಸಿ ಬಿಸಿ," ಅಂದರು. ವಸುಧಾ ಗಟ್ಟಿಯಾಗಿ ಅಳತೊಡಗಿದರು. ಸಾಕಮ್ಮ ತಲೆ ನೇವರಿಸುತ್ತಾ, "ಅಳ್ಬ್ಯಾಡ. ಅವು ಮೊದ್ಲಿಂದ ಇಂಗೇ ಓಡಾಡ್ತಿದ್ವು. ಗೋಡೆ ಹೊಸ್ದು, ಅದ್ಕೆ ತಬ್ಬಿಬ್ಬಾಗವೆ," ಎಂದು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಬಿಸಿ ಇಡ್ಲಿ ಕೈಗಿಟ್ಟರು. ಅವತ್ತು ರೈಲು ಹೋಯಿತು. ಬಸ್ಸಿನಲ್ಲಿದ್ದವರೆಲ್ಲ ಅಲ್ಲೇ ತಿಂಡಿ ತಿಂದರು.

ಸುದ್ದಿ ನಮಗಿಂತ ಮುಂಚೆ ಡಿಪೊ ತಲುಪಿತ್ತು. ಆಗಿನ ಮ್ಯಾನೇಜರು ಪಾಟೀಲ ಸಾಹೇಬರು, ಬಿಜಾಪುರದ ಕಡೆಯವರು. "ಏನ್ರೀ ನಾಗರತ್ನ, ಬಸ್ ಒಯ್ದು ಆನೀ ಮುಂದ ಅಡ್ಡ ನಿಲ್ಲಿಸೀರಿ? ಐವತ್ತು ಮಂದಿ ಜೀವ ಅದ ಒಳಗ!" ಎಂದು ಗುಡುಗಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೊಣೆ ಅವರದು. ಇನ್ನು ಮುಂದೆ ಸಾಕಮ್ಮನ ಹಳ್ಳಿಯಿಂದ ರಾಮನಗರದವರೆಗೆ ಎಲ್ಲಿಯೂ ಬಸ್ಸು ನಿಲ್ಲಿಸಕೂಡದೆಂದು ಅವತ್ತೇ ಆದೇಶವಾಯಿತು.

ಮಾರನೆಯ ದಿನ ನಾವು ನಿಲ್ಲಿಸಲಿಲ್ಲ. ಕೈ ಚಾಚಿ ನಿಂತಿದ್ದ ವಸುಧಾ ಕಿಟಕಿಯಲ್ಲಿ ಹಿಂದಕ್ಕೆ ಹೋದರು. ಸಾಕಮ್ಮ ಪಾತ್ರೆ ಸಮೇತ ಊರಲ್ಲೇ ಉಳಿದಿದ್ದರು. ನನ್ನ ಇಡೀ ನೌಕರಿಯಲ್ಲಿ ಸೀಟಿ ಊದದೆ ಇದ್ದದ್ದಕ್ಕೆ ಅಷ್ಟು ಸಂಕಟವಾದದ್ದು ಅವತ್ತೊಂದೇ ದಿನ.

ಆ ವಾರವೇ ಇಬ್ಬರೂ ಕೂಡಿ ಡಿಪೊಗೆ ಬಂದರು. ನಾನು ಲೆಕ್ಕ ಒಪ್ಪಿಸಲು ಹೋದವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ವಸುಧಾ ನಯವಾಗಿ, ಪಾಯಿಂಟು ಪಾಯಿಂಟಾಗಿ ಹೇಳುತ್ತಿದ್ದರು: ಸ್ಟಾಪ್ ತೆಗೆದರೆ ಮಂಜಿನಲ್ಲಿ ಹಳ್ಳಿಯವರೆಗೆ ನಡೆಯಬೇಕಾಗುತ್ತದೆ, ಅದು ಇನ್ನೂ ಅಪಾಯ. ಲೇಔಟಿನವರು ದೀಪ ಹಾಕಿಸುತ್ತೇವೆ, ಬಸ್ಸು ಬರುವವರೆಗೆ ಒಳಗೇ ನಿಲ್ಲುತ್ತೇವೆ. ಪಾಟೀಲರು ಫೈಲಿನಿಂದ ತಲೆ ಎತ್ತಲಿಲ್ಲ. ಸಾಕಮ್ಮ ತಡೆಯಲಾರದೆ, "ಸೋಮಿ, ಈ ಮಗ ಆಸ್ಪತ್ರೇಲಿ ರೋಗಿಗಳ ನೋಡ್ಕೊಳೋದು. ಇವಳು ಹೊತ್ತಿಗೆ ಹೋಗ್ದಿದ್ರೆ ಅಲ್ಲಿ ರಾತ್ರಿಯೆಲ್ಲ ದುಡ್ದೋಳು ಮನೆಗೆ ಹೋಗಂಗಿಲ್ಲ. ನನ್ನ ಇಡ್ಲಿ ಬುಟ್ಟಾಕಿ, ಇವಳಿಗೆ ನಿಲ್ಸಿ," ಅಂದರು. ತಕ್ಷಣ ವಸುಧಾ, "ಇಲ್ಲ ಸಾರ್, ಅವರಿಗೂ ನಿಲ್ಲಿಸಬೇಕು. ಪಾತ್ರೆ ಇಳಿಸೋಕೆ ನಾವು ಕೈ ಹಾಕ್ತೀವಿ," ಅಂದರು. ಪಾಟೀಲರು ಆಗ ತಲೆ ಎತ್ತಿದರು. ಇಬ್ಬರ ಹೆಸರನ್ನೂ ಬರೆದುಕೊಂಡು ಕಳಿಸಿದರು.

ಎರಡು ದಿನ ಬಿಟ್ಟು ಮಾಗಡಿಯಲ್ಲಿ ಮಫ್ಲರ್ ಸುತ್ತಿಕೊಂಡ ಒಬ್ಬರು ಹತ್ತಿ ನನ್ನ ಸೀಟಿನ ಪಕ್ಕ ಕೂತರು. ನೋಡಿದರೆ ಸಾಹೇಬರು. "ನಡೀರಿ, ನಿಮ್ಮ ಆನೀ ತೋರಸ್ರಿ," ಅಂದರು. ಆನೆ ಬರಲಿಲ್ಲ. ಸಾಹೇಬರು ಬರುವುದು ಹಿಂದಿನ ಸಂಜೆಯೇ ಹೇಗೋ ಗೊತ್ತಾಗಿ, ಸಾಕಮ್ಮ ಹಳ್ಳಿಯಲ್ಲಿ ಪಾತ್ರೆಗಳೊಂದಿಗೆ ಕಾದಿದ್ದು ಹತ್ತಿದರು. ಲೇಔಟಿನ ಹತ್ತಿರ ಬಂದಾಗ ಸಾಹೇಬರೇ ಕೈ ಎತ್ತಿ ನಿಲ್ಲಿಸಿದರು. ವಸುಧಾ ಮತ್ತು ಅವರ ಜೊತೆಯವರು ಗೋಡೆಯ ಒಳಗೆ ಹೊಸ ದೀಪದ ಕೆಳಗೆ ಗುಂಪಾಗಿ ಕಾಯುತ್ತಿದ್ದರು. ಬಂದವರೇ ಒಂದೊಂದು ಪಾತ್ರೆ ಇಳಿಸಿಕೊಂಡರು. ಸಾಹೇಬರ ಗಡಿಯಾರದ ಮುಳ್ಳು ಹೆಚ್ಚು ಅಲ್ಲಾಡುವ ಮೊದಲೇ ಕೆಲಸ ಮುಗಿದಿತ್ತು. ಬಿಜಾಪುರದವರಿಗೆ ಇಡ್ಲಿ ಒಗ್ಗುತ್ತದೋ ಇಲ್ಲವೋ ಎಂದು ಸಾಕಮ್ಮ ಅವರಿಗೆ ರೊಟ್ಟಿ ತಟ್ಟಿಕೊಂಡು ಬಂದಿದ್ದರು. ಅದು ಅಕ್ಕಿ ರೊಟ್ಟಿ. ಸಾಹೇಬರು ಪೂರ್ತಿ ತಿಂದರು.

ಕೈ ತೊಳೆದು ಬಂದು, "ಸ್ಟಾಪ್ ಅಂದ ಮ್ಯಾಲ ಮಶೀನ್ನ್ಯಾಗ ಹೆಸರು ಹಾಕಬೇಕಲ್ರೀ. ಏನಂತ ಹಾಕೋಣು?" ಅಂದರು. ಲೇಔಟಿನ ಒಬ್ಬರು ಕಮಾನಿನ ಮೇಲಿದ್ದ ಇಂಗ್ಲಿಷ್ ಹೆಸರನ್ನು ಪೂರ್ತಿ ಹೇಳಿದರು. "ಇಷ್ಟುದ್ದ ಹಿಡಿಯಂಗಿಲ್ಲ," ಅಂದರು ಸಾಹೇಬರು. ವಸುಧಾ, "ಸಾಕಮ್ಮನ ಹೋಟ್ಲು ಅಂತ ಹಾಕಿ ಸಾರ್," ಅಂದರು. ಸಾಕಮ್ಮ ನಾಚಿಕೊಂಡು, "ಬ್ಯಾಡ ಬ್ಯಾಡ. ನಮ್ಮ ಮನೇಲಿ ಈ ತಾವಕ್ಕೆ ಹೊಲ ಅಂತೀವಿ. ಅಷ್ಟೇ ಹಾಕಿ ಸೋಮಿ," ಅಂದರು. ಸಾಹೇಬರು 'ಹೊಲ' ಎಂದೇ ಬರೆದುಕೊಂಡರು.

ಅಲ್ಲಿಂದಾಚೆಗೆ ಆ ಗೋಡೆಯನ್ನು ಆನೆಗಳು ಎರಡು ಸಲ ಕೆಡವಿದವು. ಮೂರನೆಯ ಸಲ ಕಟ್ಟುವ ಬದಲು ಲೇಔಟಿನವರು ಬಿದ್ದಷ್ಟಗಲ ಹಾಗೇ ಬಿಟ್ಟರು. ಅನ್ವರಣ್ಣ ನನಗಿಂತ ಮೊದಲು ನಿವೃತ್ತರಾಗಿ, ಈಗ ರಾಮನಗರದಲ್ಲಿ ಮೊಮ್ಮಕ್ಕಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತಾರೆ. ಸಾಕಮ್ಮನ ಹೋಟ್ಲನ್ನು ಸೊಸೆ ನಡೆಸುತ್ತಾಳೆ.

ಮೊನ್ನೆ ರಾಮನಗರಕ್ಕೆ ಹೋಗಿದ್ದವಳು ಸಂಜೆಯ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಈಗ ನನಗೂ ಉಚಿತ ಟಿಕೆಟ್ಟು. ಪಕ್ಕದಲ್ಲಿ ಇಸ್ತ್ರಿ ಅಂಗಿ ಹಾಕಿ, ಕೊರಳಿಗೆ ಗುರುತಿನ ಕಾರ್ಡು ನೇತುಹಾಕಿಕೊಂಡ ಒಬ್ಬ ಯುವಕ ತೂಕಡಿಸುತ್ತಿದ್ದ. ಮಾತಿನ ಧಾಟಿ ಈ ಕಡೆಯದಲ್ಲ, ಇತ್ತೀಚೆಗೆ ಬಂದು ನೆಲೆಸಿದವನಿರಬೇಕು. ಬಸ್ಸು ನಿಧಾನವಾದಾಗ ಎಚ್ಚೆತ್ತು, ಚೀಲ ಹೆಗಲಿಗೇರಿಸಿ, ಫೋನಿನಲ್ಲಿ ಮನೆಯವಳಿಗೆ ಹೇಳಿದ:

"ಕಾಫಿಗೆ ಇಡು. ಹೊಲ ಬಂತು."